ಹಸಿರು ಚಹದ ಅರಿವು

ಈಚೆಗೆ ಭಕ್ತರ ಮನೆಗಳಲ್ಲಿ ಹಾಲು, ಸಕ್ಕರೆಗಳಿಲ್ಲದ ಹಸಿರು ಚಹ ಬಳಕೆಗೆ ಬಂದಿದೆ. ಕೆಲವರು ಅದನ್ನು ಕಷಾಯವೆಂದು ಮೂಗು ಮುಚ್ಚಿಕೊಂಡು ಕುಡಿಯುವರು. ಕೆಲವರು ಸಕಲ ರೋಗಗಳಿಗೂ ಸಂಜೀವಿನಿಯೆಂದು ನಂಬುವರು. ಎರಡೂ ಸಲ್ಲದು.

ಕಪ್ಪು ಚಹವೂ ಹಸಿರು ಚಹವೂ ಒಂದೇ ಗಿಡದ ಎಲೆಗಳು. ಕೊಯ್ದ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಬೇಗನೆ ಬಿಸಿ ತಾಗಿಸಿದರೆ ಹಸಿರು ಉಳಿಯುತ್ತದೆ. ಚೀನದಲ್ಲಿ ಬಾಣಲೆಯಲ್ಲಿ ಹುರಿಯುವುದು, ಜಪಾನಿನಲ್ಲಿ ಹಬೆಯಲ್ಲಿ ಬೇಯಿಸುವುದು ರೂಢಿ.

ಝೆನ್ ಭಿಕ್ಷು ಐಸಾಯ್ 1191ರಲ್ಲಿ ಚೀನದಿಂದ ಜಪಾನಿಗೆ ಮರಳುವಾಗ ಚಹದ ಬೀಜಗಳನ್ನು ತಂದನೆಂದು ಪ್ರತೀತಿ. 1211ರಲ್ಲಿ ಆತನು ಚಹವನ್ನು ಕುರಿತು ಗ್ರಂಥವನ್ನೇ ರಚಿಸಿದನು. ಧ್ಯಾನದಲ್ಲಿ ತೂಕಡಿಕೆ ಬಾರದಿರಲೆಂದು ಭಿಕ್ಷುಗಳು ಇದನ್ನು ಸೇವಿಸುತ್ತಿದ್ದರು. 16ನೆಯ ಶತಮಾನದ ಸೆನ್ ನೊ ರಿಕ್ಯೂ ಚಹಗೃಹಕ್ಕೆ ತಗ್ಗಿನ ಬಾಗಿಲನ್ನು ಇಡಿಸಿದನೆಂದು ಹೇಳುತ್ತಾರೆ. ವೀರಯೋಧನೂ ಕತ್ತಿಯನ್ನು ಹೊರಗಿಟ್ಟು, ತಲೆ ಬಾಗಿಯೇ ಒಳಸೇರಬೇಕು. ದಾಸೋಹದ ಪಂಕ್ತಿಯನ್ನು ಬಲ್ಲ ನಮಗೆ ಈ ಭಾವ ಹೊಸದಲ್ಲ.

ಕಹಿ ಹೆಚ್ಚಲು ಕಾರಣ ಬಹುಪಾಲು ನಮ್ಮ ಅವಸರ. ಕುದಿದ ನೀರನ್ನು ಕೆಲ ನಿಮಿಷ ಆರಿಸಿ, 70-80 ಡಿಗ್ರಿಗೆ ಇಳಿದಾಗ ಲೋಟಕ್ಕೊಂದು ಚಮಚೆ ಎಲೆ ಹಾಕಿ, ಎರಡು ನಿಮಿಷದೊಳಗೆ ಸೋಸಬೇಕು. ಅದೇ ಎಲೆ ಮತ್ತೊಮ್ಮೆಗೂ ಬರುತ್ತದೆ.

ಒಂದು ಎಚ್ಚರಿಕೆ. ಊಟದೊಡನೆ ಇದನ್ನು ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತದು. ಶಾಕಾಹಾರಿಗಳಾದ ನಮ್ಮ ಮನೆಗಳ ಗರ್ಭಿಣಿಯರೂ ರಕ್ತಹೀನತೆಯುಳ್ಳ ಹೆಣ್ಣುಮಕ್ಕಳೂ ಇದನ್ನು ಮರೆಯಬಾರದು. ಊಟಕ್ಕೂ ಚಹಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಇದನ್ನೇ ನೆಚ್ಚುವುದಂತೂ ಬೇಡ.

ಅರಿತು, ಹಿತಮಿತವಾಗಿ ಸ್ವೀಕರಿಸಿದರೆ ಪಾನವೂ ಪ್ರಸಾದವೇ.