ತೋಡಿಗೆ ಕಟ್ಟ ಹಾಕಲು ಜನ ಬೇಕು

ಯುರೋಪ್ ಮತ್ತು ಉತ್ತರ ಅಮೆರಿಕದ ತೊರೆಗಳಲ್ಲಿ ಬೀವರ್ ಎಂಬ ಪ್ರಾಣಿಯಿದೆ. ನಮ್ಮ ನೀರುನಾಯಿ ಅಲ್ಲ. ಇದು ಇಲಿ-ಅಳಿಲುಗಳ ಕುಲದ್ದು. ಹಲ್ಲಿನಿಂದಲೇ ಮರ ಉರುಳಿಸಿ, ಕೊಂಬೆ, ಕಲ್ಲು, ಕೆಸರು ಸೇರಿಸಿ ತೊರೆಗೆ ಅಡ್ಡ ಕಟ್ಟುತ್ತದೆ. ತುಪ್ಪಳದ ಆಸೆಗೆ ಜನ ಅದನ್ನು ಬೇಟೆಯಾಡಿದ ಕಡೆಗಳಲ್ಲಿ ಕಟ್ಟೆಗಳೂ ಹಾಳಾದವು. ತಡೆಯಿಲ್ಲದ ನೀರು ತೊರೆಯ ತಳ ಕೊರೆಯಿತು, ಅಕ್ಕಪಕ್ಕದ ಅಂತರ್ಜಲ ಇಳಿಯಿತು.

ಅಮೆರಿಕದ ಒರೆಗಾನ್ ರಾಜ್ಯದ ಬ್ರಿಜ್ ಕ್ರೀಕ್ ತೊರೆಯಲ್ಲಿ ವಿಜ್ಞಾನಿಗಳು 2009ರಿಂದ ಬೀವರನ್ನೇ ಅನುಕರಿಸಿದರು. ಸಾಲಾಗಿ ಮರದ ಗೂಟ ಹೊಡೆದು, ನಡುವೆ ಕೊಂಬೆ ಹೆಣೆದರು. ನೀರು ನಿಧಾನವಾಯಿತು, ಹೂಳು ನಿಂತಿತು, ಅಂತರ್ಜಲ ಏರಿತು, ಮೀನುಗಳು ಹೆಚ್ಚಿದವು. ಬೀವರುಗಳೂ ಬಂದು ಸೇರಿಕೊಂಡವು.

ಮಗರಪಟ್ಟಾದಲ್ಲಿ ಕೂತು ಇದನ್ನು ಓದುವಾಗ, ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ನನಗೆ ನಮ್ಮ 'ಕಟ್ಟ' ನೆನಪಾಯಿತು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಆದರೂ ಬೇಸಿಗೆಯಲ್ಲಿ ಬಾವಿಗಳ ತಳ ಕಾಣುತ್ತದೆ, ಏಕೆಂದರೆ ಗುಡ್ಡೆಯಿಂದ ಇಳಿದ ನೀರಿಗೆ ಸಮುದ್ರ ದೂರವಿಲ್ಲ. ಅದಕ್ಕೇ ಮಳೆಗಾಲ ಮುಗಿದ ಮೇಲೆ ಹಿರಿಯರು ಕಲ್ಲು, ಮಣ್ಣಿನಿಂದ ತೋಡಿಗೆ ತಾತ್ಕಾಲಿಕ ಒಡ್ಡು ಹಾಕುತ್ತಿದ್ದರು. ಏತಡ್ಕದಲ್ಲಿ ಒಂದೇ ತೋಡಿಗೆ ಸಾಲುಸಾಲು ಕಟ್ಟಗಳು. ಕೆಳಗಿನ ಕಟ್ಟದಲ್ಲಿ ನಿಂತ ನೀರು ಮೇಲಿನದರ ಬುಡ ಮುಟ್ಟುತ್ತದೆ. ದಡದ ಬಾವಿಗಳಿಗೂ ಅಡಿಕೆ ತೋಟಗಳಿಗೂ ಅದರಿಂದ ತಂಪು. ಮುಂದಿನ ಮಳೆಗಾಲಕ್ಕೆ ಕಟ್ಟ ಉಳಿಯುವುದಿಲ್ಲ. ಮತ್ತೆ ಕಟ್ಟಬೇಕು.

ಬೀವರ್ ಕಟ್ಟೆಯೂ ಸೋರುತ್ತದೆ. ಆದರೆ ನೀರು ಸೋರುವ ಸದ್ದು ಕೇಳಿದರೆ ಸಾಕು, ಅದು ದುರಸ್ತಿಗೆ ಹೊರಡುತ್ತದೆ. ಕಟ್ಟೆ ನಿಲ್ಲುವುದು ಈ ದಿನನಿತ್ಯದ ದುಡಿಮೆಯಿಂದ. ನಮ್ಮ ಕಟ್ಟಕ್ಕೂ ಅಷ್ಟೇ, ವರ್ಷವರ್ಷವೂ ಜನ ಬೇಕು. ಕೊಳವೆಬಾವಿ ಹಾಗಲ್ಲ, ದುಡ್ಡಿದ್ದರೆ ಒಬ್ಬನೇ ತೆಗೆಸಬಹುದು, ನೆರೆಯವರನ್ನು ಕರೆಯಬೇಕಾಗಿಲ್ಲ. ಕಟ್ಟ ನೀರು ಇಂಗಿಸುತ್ತದೆ, ಕೊಳವೆಬಾವಿ ಬರೀ ಎತ್ತುತ್ತದೆ.

ನಮ್ಮ ಮನೆ ಕೆಳಗಿನ ತೋಡಿಗೆ ಕಟ್ಟ ಬಿದ್ದು ವರ್ಷಗಳಾದವು. ಸೇರಿ ಕಟ್ಟುತ್ತಿದ್ದ ನಾಲ್ಕು ಮನೆಗಳ ಮಕ್ಕಳು ಈಗ ಬೆಂಗಳೂರು, ಪುಣೆ, ದುಬೈಗಳಲ್ಲಿದ್ದೇವೆ. ಖರ್ಚು ನಾನು ಕೊಡುತ್ತೇನೆ ಎಂದರೆ ದೊಡ್ಡಪ್ಪ ಹೇಳಿದ್ದು: "ದುಡ್ಡು ನೀನು ಕಳಿಸಬಹುದು ಮಾರಾಯ, ಮಣ್ಣು ಹೊರುವವರನ್ನು ಎಲ್ಲಿಂದ ತರುವುದು?"

ಉತ್ತರ ನಾವಿರುವ ಪುಣೆಯಲ್ಲೇ ಇದೆ. ಮೋಹನ್ ಧಾರಿಯಾ ಅವರು ಇಲ್ಲಿ ಕಟ್ಟಿದ 'ವನರಾಯಿ' ಸಂಸ್ಥೆಯ ಹೆಸರಿನಲ್ಲೇ ಮಹಾರಾಷ್ಟ್ರದ ಹಳ್ಳಿಗಳಲ್ಲಿ 'ವನರಾಯಿ ಬಂಧಾರಾ' ಪ್ರಸಿದ್ಧ. ಖಾಲಿ ಸಿಮೆಂಟ್ ಚೀಲಗಳಿಗೆ ಮಣ್ಣು, ಮರಳು ತುಂಬಿ ಹಳ್ಳಕ್ಕೆ ಅಡ್ಡ ಪೇರಿಸುತ್ತಾರೆ, ಊರವರೇ ಶ್ರಮದಾನದಿಂದ. ನಮ್ಮ ಕಡೆಯೂ ಈಗ ಚೀಲ, ಪ್ಲಾಸ್ಟಿಕ್ ಹಾಳೆಗಳ ಕಟ್ಟಗಳು ಬಂದಿವೆ. ಮೊದಲಿನಷ್ಟು ಆಳು ಬೇಡ. ಸಣ್ಣ ತೋಡಾದರೆ ನಾಲ್ಕಾರು ಜನರಿಗೆ ಒಂದೆರಡು ದಿನದ ಕೆಲಸ.

ದೀಪಾವಳಿಗೆ ಹೇಗೂ ಊರಿಗೆ ಹೋಗುತ್ತೇವೆ. ಕಟ್ಟ ಹಾಕುವ ಕಾಲ ಶುರುವಾಗುವುದು ಹೆಚ್ಚುಕಡಿಮೆ ಆಗಲೇ. ಈ ಸಲ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡಿದ್ದೇನೆ; ಆ ನಾಲ್ಕು ಮನೆಯವರಿಗೂ ಫೋನ್ ಮಾಡಿದೆ, ಇಬ್ಬರು ಬರುತ್ತೇವೆ ಅಂದಿದ್ದಾರೆ. ನಿಮ್ಮೂರಲ್ಲೂ ಒಂದು ತೋಡೋ ಹಳ್ಳವೋ ಇರುತ್ತದಲ್ಲ, ಹೋದಾಗ ಒಮ್ಮೆ ಇಳಿದು ನೋಡಿ.