ಮೂಳೆಯೊಳಗಿನ ಗಡ್ಡೆಗೆ ಸೂಜಿಯಷ್ಟೇ ಗಾಯ

ಹಗಲೆಲ್ಲ ಸೈಕಲ್ ತುಳಿದು, ಕುಣಿದಾಡಿ ಮಲಗಿದ ಮಗು ನಡುರಾತ್ರಿ ಎದ್ದು ಕಾಲು ಹಿಡಿದುಕೊಂಡು ಅಳುತ್ತದೆ. ಅಮ್ಮ ಎಣ್ಣೆ ಹಚ್ಚಿ ನೀವುತ್ತಾಳೆ. ‘ಬೆಳೆಯೋ ಮಕ್ಕಳಿಗೆ ಕಾಲುನೋವು ಇದ್ದದ್ದೇ’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಬಹಳಷ್ಟು ಸಲ ಅಜ್ಜಿಯ ಮಾತೇ ಸರಿ. ಬೆಳವಣಿಗೆಯ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಒಂದು ದಿನ ಇದ್ದರೆ ನಾಲ್ಕು ದಿನ ಇರುವುದಿಲ್ಲ, ಬೆಳಗಾಗುವಷ್ಟರಲ್ಲಿ ಮಾಯವಾಗಿರುತ್ತದೆ. ಆದರೆ ಒಂದೇ ಕಾಲಿನ ಒಂದೇ ಜಾಗ ವಾರಗಟ್ಟಲೆ ರಾತ್ರಿ ಹೊತ್ತು ನೋಯುತ್ತಿದೆಯೇ? ವೈದ್ಯರು ಬರೆದುಕೊಟ್ಟ ಐಬುಪ್ರೊಫೆನ್ ಹೊಟ್ಟೆಗೆ ಬಿದ್ದು ಸ್ವಲ್ಪ ಹೊತ್ತಿಗೆ ನೋವು ಪೂರ್ತಿ ಇಳಿದು, ಮರುರಾತ್ರಿ ಮತ್ತೆ ಹಾಜರಾಗುತ್ತಿದೆಯೇ? ಹಾಗಿದ್ದರೆ ಎಣ್ಣೆ ನೀವುತ್ತ ಕೂರುವುದು ಸಾಕು.

ಇಂಥ ನೋವಿನ ಹಿಂದೆ ಹಲವು ಸಲ ಇರುವುದು ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಪುಟ್ಟ ಗಡ್ಡೆ. ನ್ಯೂಯಾರ್ಕಿನ ರೋಗಶಾಸ್ತ್ರಜ್ಞ ಹೆನ್ರಿ ಜಾಫೆ 1935ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಇದು ಕ್ಯಾನ್ಸರ್ ಅಲ್ಲ, ಎಲ್ಲಿಗೂ ಹರಡುವುದಿಲ್ಲ. ಗಡ್ಡೆಯ ತಿರುಳು ಒಂದೂವರೆ ಸೆಂಟಿಮೀಟರ್ ದಾಟುವುದು ಅಪರೂಪ. ಅಷ್ಟು ಸಣ್ಣದು ಅಷ್ಟೊಂದು ಕಾಡುವುದಕ್ಕೆ ಕಾರಣ, ಅದು ವಿಪರೀತ ಪ್ರಮಾಣದಲ್ಲಿ ಉತ್ಪಾದಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಆಸ್ಪಿರಿನ್, ಐಬುಪ್ರೊಫೆನ್ ತಡೆಯುವುದು ಇದನ್ನೇ. (ಹಾಗೆಂದು ಮನೆಯಲ್ಲಿರುವ ಆಸ್ಪಿರಿನ್ ಮಾತ್ರೆಯನ್ನು ಮಗುವಿನ ಮೇಲೆ ಪರೀಕ್ಷೆ ಮಾಡಬೇಡಿ. ಫ್ಲೂ, ಸೀತಾಳೆ ಸಿಡುಬಿನಂಥ ವೈರಸ್ ಜ್ವರದಲ್ಲಿರುವ ಮಕ್ಕಳಿಗೆ ಅದರಿಂದ ಪ್ರಾಣಕ್ಕೇ ಅಪಾಯವಾಗುವ ರೈ ಸಿಂಡ್ರೋಮ್ ಬರಬಹುದು.)

ರೋಗ ಸಣ್ಣದಾದರೂ ಪತ್ತೆ ಸುಲಭವಲ್ಲ. ಸೊಂಟದ ಕೀಲಿನ ಬಳಿ ಗಡ್ಡೆಯಿದ್ದರೆ ಮಗು ಮಂಡಿ ತೋರಿಸಿ ಅಳಬಹುದು. ಮಂಡಿಯ ಎಕ್ಸ್‌ರೇ ತೆಗೆಸಿದರೆ ಎಲ್ಲವೂ ಸರಿಯಾಗಿರುತ್ತದೆ! ಬೆನ್ನುಮೂಳೆಯಲ್ಲಿದ್ದರೆ ಬೆನ್ನು ಒಂದು ಕಡೆಗೆ ವಾಲಬಹುದು. ಎಂಆರ್‌ಐನಲ್ಲಿ ಗಡ್ಡೆಗಿಂತ ಸುತ್ತಲಿನ ಊತವೇ ದೊಡ್ಡದಾಗಿ ಕಂಡು ಸೋಂಕೋ, ಕ್ಯಾನ್ಸರೋ ಎಂಬ ಗಾಬರಿ ಹುಟ್ಟಿಸುವುದುಂಟು. ತೆಳುವಾದ ಪದರಗಳಲ್ಲಿ ತೆಗೆದ ಸಿಟಿ ಸ್ಕ್ಯಾನ್ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿಯವರೆಗೆ ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ನಿದ್ದೆಗೆಟ್ಟಿರುತ್ತಾರೆ. ‘ಸ್ಕೂಲು ತಪ್ಪಿಸೋಕೆ ನಾಟಕ ಮಾಡ್ತಾನೆ’ ಎಂಬ ಬೈಗುಳವನ್ನೂ ತಿಂದಿರುತ್ತಾರೆ. ನನಗೆ ತುಂಬ ಸಂಕಟವಾಗುವುದು ಇದೇ ಮಾತಿಗೆ.

ಹಿಂದೆ ಇದಕ್ಕೆ ತೆರೆದ ಶಸ್ತ್ರಚಿಕಿತ್ಸೆಯೇ ದಾರಿ. ಗಟ್ಟಿಯಾಗಿ ದಪ್ಪಗಟ್ಟಿದ ಮೂಳೆಯೊಳಗೆ ಅವಿತ ತಿರುಳು ಮೇಲಿನಿಂದ ಕಣ್ಣಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಮೂಳೆಯನ್ನು ಕೆತ್ತಿ ತೆಗೆಯುತ್ತಿದ್ದರು. ಕೆಲವೊಮ್ಮೆ ಅಷ್ಟಾದರೂ ತಿರುಳು ಅಲ್ಲೇ ಉಳಿದುಬಿಡುತ್ತಿತ್ತು. ದುರ್ಬಲವಾದ ಮೂಳೆಗೆ ಪ್ಲೇಟು, ಕಸಿ, ವಾರಗಟ್ಟಲೆ ಪ್ಲಾಸ್ಟರ್.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೇನಿಯಲ್ ರೋಸೆಂಥಾಲ್ ಮತ್ತು ಸಂಗಡಿಗರು 1992ರಲ್ಲಿ ಬೇರೆ ದಾರಿ ತೋರಿಸಿದರು. ಮಗುವಿಗೆ ಅರಿವಳಿಕೆ ಕೊಟ್ಟು ಸಿಟಿ ಯಂತ್ರದಲ್ಲೇ ಮಲಗಿಸುತ್ತಾರೆ. ಚಿತ್ರ ನೋಡುತ್ತ ಸಣ್ಣ ಡ್ರಿಲ್‌ನಿಂದ ಮೂಳೆಯಲ್ಲಿ ದಾರಿ ಮಾಡಿ, ತಿರುಳಿನ ನಡುವಿಗೆ ಸೂಜಿಯಂಥ ಎಲೆಕ್ಟ್ರೋಡ್ ಇಳಿಸುತ್ತಾರೆ. ರೇಡಿಯೋ ಅಲೆಗಳ ವಿದ್ಯುತ್ತಿನಿಂದ ಅದರ ತುದಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ನಾಲ್ಕಾರು ನಿಮಿಷ, ಅಷ್ಟೇ. ತಿರುಳು ಬೆಂದು ಸಾಯುತ್ತದೆ. ಸೂಜಿ ಗಡ್ಡೆಯನ್ನು ತಾಕಿದ ಕ್ಷಣ ಅರಿವಳಿಕೆಯಲ್ಲಿರುವ ಮಗುವಿನ ಹೃದಯಬಡಿತವೂ ಏರಬಹುದು. ಅಷ್ಟು ನೋವಿನ ಜಾಗ ಅದು. ಅದಕ್ಕೇ ಮಕ್ಕಳಿಗೆ ಬರಿಯ ಮರಗಟ್ಟಿಸುವ ಇಂಜೆಕ್ಷನ್ ಸಾಲದು. ಮರುದಿನದ ಹೊತ್ತಿಗೆ ಹೆಚ್ಚಿನ ಮಕ್ಕಳು ನಡೆದಾಡುತ್ತಾರೆ. ಕಾಲಿನ ಮೂಳೆಯಾದರೆ ಕೆಲವು ಕಾಲ ಓಟ, ಜಿಗಿತ ಬೇಡ ಎನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ಮರುಕಳಿಸಿದರೆ ಇದನ್ನೇ ಮತ್ತೊಮ್ಮೆ ಮಾಡಬಹುದು. ಚರ್ಮ ಸುಡುವ, ಪಕ್ಕದ ನರಕ್ಕೆ ಶಾಖ ತಗಲುವ ಅಪಾಯ ಇದ್ದೇ ಇದೆ. ಹಾಗಾಗಿ ಇದು ಪಳಗಿದ ಕೈಯ ಕೆಲಸ.

ಮೂಳೆಯೊಳಗೆ ನೀರು ತುಂಬಿದ ಪೊಳ್ಳು, ಅಂದರೆ ಸಿಸ್ಟ್‌ನದು ಇನ್ನೊಂದು ಬಗೆ. ಸಾಮಾನ್ಯವಾಗಿ ಅದು ನೋಯುವುದೇ ಇಲ್ಲ. ಚೆಂಡು ಎಸೆದಾಗಲೋ ಮಂಚದಿಂದ ಜಾರಿದಾಗಲೋ ತೋಳಿನ ಮೂಳೆ ಪಟ್ಟೆಂದು ಮುರಿಯುತ್ತದೆ. ಎಕ್ಸ್‌ರೇ ತೆಗೆದರೆ ಭುಜದ ಕೆಳಗೆ ಕಪ್ಪು ಪೊಳ್ಳು ಕಾಣುತ್ತದೆ. ಎಕ್ಸ್‌ರೇ ತೆಗೆಸದೆ ನೇರ ನಾಟಿ ಕಟ್ಟು ಕಟ್ಟಿಸಿದರೆ ಮುರಿತ ಕೂಡಿಕೊಳ್ಳಬಹುದು, ಪೊಳ್ಳು ಮಾತ್ರ ಯಾರಿಗೂ ಗೊತ್ತಾಗದೆ ಉಳಿದು ಮುಂದಿನ ಮುರಿತಕ್ಕೆ ಕಾದಿರುತ್ತದೆ.

ಇಲ್ಲಿ ಸೂಜಿಯ ದಾರಿ ಏಕೆ ಮುಖ್ಯವೆಂದರೆ, ತೋಳಿನ ಮೂಳೆ ಉದ್ದವಾಗುವುದರಲ್ಲಿ ಸುಮಾರು ಶೇ 80ರಷ್ಟು ಪಾಲು ಭುಜದ ಬಳಿಯ ಬೆಳವಣಿಗೆಯ ತಟ್ಟೆಯದು. ಚಿಕ್ಕ ಮಕ್ಕಳಲ್ಲಿ ಸಿಸ್ಟ್ ಹೆಚ್ಚಾಗಿ ಅದಕ್ಕೆ ಅಂಟಿಕೊಂಡೇ ಇರುತ್ತದೆ. ತೆರೆದು ಕೆರೆಯುವಾಗ ತಟ್ಟೆಗೆ ಪೆಟ್ಟಾದರೆ ಕೈ ಗಿಡ್ಡವಾಗಬಹುದು. ಇಟಲಿಯ ಫ್ಲಾರೆನ್ಸ್‌ನ ಸ್ಕಾಲ್ಯೆಟ್ಟಿ 1979ರಲ್ಲಿ ಸಿಸ್ಟ್‌ನೊಳಕ್ಕೆ ಸ್ಟೆರಾಯ್ಡ್ ಚುಚ್ಚುವ ವಿಧಾನದ ಫಲಿತಾಂಶ ಪ್ರಕಟಿಸಿದರು. ಆಮೇಲೆ ಮಗುವಿನದೇ ಅಸ್ಥಿಮಜ್ಜೆ ಚುಚ್ಚುವುದು ಇನ್ನೂ ಮೇಲೆಂದು ಹಲವರು ನಂಬಿದರು. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯರು ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ ವಾಸಿಯಾದವರು ಸ್ಟೆರಾಯ್ಡ್‌ನಲ್ಲಿ ಶೇ 42, ಮಜ್ಜೆಯಲ್ಲಿ ಶೇ 23 ಮಾತ್ರ. ಸಿಸ್ಟ್‌ಗೂ ಸೂಜಿಯೆಂದರೆ ಒಂದೇ ಸಲಕ್ಕೆ ಮುಗಿಯಿತೆಂದು ಭರವಸೆ ಕೊಡುವವರನ್ನು ನಂಬದಿರಲು ಈ ಎರಡು ಅಂಕಿ ಸಾಕು. ಸಿಸ್ಟ್ ತೂಕ ಹೊರುವ ತೊಡೆಮೂಳೆಯಲ್ಲಿದ್ದರೆ ಸಣ್ಣ ಸೀಳಿನಿಂದ ಬಾಗುವ ಟೈಟಾನಿಯಂ ಸರಳು ತೂರಿಸಿ ಆಸರೆ ಕೊಡುವುದುಂಟು.

ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಎಂಬುದು ಇದಕ್ಕಿಂತ ಉಗ್ರ. ರಕ್ತ ತುಂಬಿ ಮೂಳೆಯನ್ನು ಬಲೂನಿನಂತೆ ಉಬ್ಬಿಸುತ್ತದೆ. ಇದರ ಚಿಕಿತ್ಸೆಯಲ್ಲಿ ದೆಹಲಿಯ ಏಮ್ಸ್ ಮಾಡಿದ ಕೆಲಸ ಗಮನಾರ್ಹ. ಕಾಲಿನ ಉಬ್ಬಿದ ರಕ್ತನಾಳಗಳಿಗೆ ಬಳಸುವ ಪಾಲಿಡೊಕನಾಲ್ ಔಷಧವನ್ನು ಶಿಶಿರ್ ರಸ್ತೋಗಿಯವರ ತಂಡ ನೇರ ಸಿಸ್ಟ್‌ಗೆ ಚುಚ್ಚಿ, 72 ರೋಗಿಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿತು. 2010ರಲ್ಲಿ ತೆರೆದ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದ ವರದಿ ಬಂತು: ಸೂಜಿಯಿಂದ ವಾಸಿಯಾದವರು ಶೇ 93, ತೆರೆದು ಕೆರೆಸಿಕೊಂಡವರಲ್ಲಿ ಶೇ 85. ನಮ್ಮದೇ ಸರ್ಕಾರಿ ಆಸ್ಪತ್ರೆಯಲ್ಲಿ, ದುಬಾರಿ ಯಂತ್ರವಿಲ್ಲದೆ ಆದ ಕೆಲಸವಿದು. ಕರ್ನಾಟಕದ ಪ್ರತಿ ವೈದ್ಯಕೀಯ ಕಾಲೇಜಿನ ಮೂಳೆ ವಿಭಾಗಕ್ಕೂ ಇದು ಬರಬೇಕು.

ಒಂದು ಎಚ್ಚರ. ಅನ್ಯೂರಿಸ್ಮಲ್ ಸಿಸ್ಟ್‌ನದೇ ರೂಪ ತಾಳಿ ಬರುವ ಮೂಳೆ ಕ್ಯಾನ್ಸರ್ ಕೂಡ ಇದೆ. ಆದ್ದರಿಂದ ಔಷಧ ಚುಚ್ಚುವ ಮುನ್ನ ಬಯಾಪ್ಸಿ ವರದಿ ಕೈಯಲ್ಲಿರಲೇಬೇಕು. ಇನ್ನು ಬೇರೆ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಆಕಸ್ಮಿಕವಾಗಿ ಕಾಣುವ ನಾನ್-ಆಸಿಫೈಯಿಂಗ್ ಫೈಬ್ರೋಮಾ ಎಂಬ ನಿರುಪದ್ರವಿ ಗಡ್ಡೆಗೆ ಸಾಮಾನ್ಯವಾಗಿ ಸೂಜಿಯೂ ಬೇಡ, ಚಾಕುವೂ ಬೇಡ. ಮಗು ಬೆಳೆದಂತೆ ಅದು ತಾನೇ ತುಂಬಿಕೊಳ್ಳುತ್ತದೆ.

ತಂದೆ ತಾಯಂದಿರಲ್ಲಿ ಕೇಳಿಕೊಳ್ಳುವುದಿಷ್ಟು: ಒಂದೇ ಜಾಗದ ರಾತ್ರಿನೋವು ಎರಡು ಮೂರು ವಾರ ದಾಟಿದರೆ ಮಕ್ಕಳ ಮೂಳೆತಜ್ಞರಿಗೆ ತೋರಿಸಿ. ಎಕ್ಸ್‌ರೇ ಸರಿಯಿದ್ದೂ ನೋವು ನಿಲ್ಲದಿದ್ದರೆ ಸಿಟಿ ಬೇಕೇ ಎಂದು ಕೇಳಿ. ಗಡ್ಡೆ ಎಂದ ಕೂಡಲೇ ತೆರೆದ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮುನ್ನ, ಇದನ್ನು ಸೂಜಿಯಿಂದ ಮಾಡಲಾಗುವುದೇ, ಇಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆ ಎಂದು ವಿಚಾರಿಸಿ. ಹಳೆಯ ಫಿಲ್ಮುಗಳನ್ನೆಲ್ಲ ಜೋಪಾನವಾಗಿಟ್ಟು ಪ್ರತಿ ಭೇಟಿಗೂ ಒಯ್ಯಿರಿ.