ಒಂದು ಹನಿ ರಕ್ತದಲ್ಲಿ ವೈರಸ್ ಪತ್ತೆ



ಮಳೆಗಾಲ ಬಂತೆಂದರೆ ಡೆಂಗ್ಯೂ ಜ್ವರದ ಹೆದರಿಕೆ. ಬಂದಿರುವುದು ಡೆಂಗ್ಯೂ ಹೌದೋ ಅಲ್ಲವೋ ಎಂದು ತಿಳಿಯಲು ರಕ್ತ ಪರೀಕ್ಷೆ ಆಗಬೇಕು. ಲ್ಯಾಬ್ ದೂರವಿದ್ದರೆ ವರದಿ ಕೈಗೆ ಬರುವಷ್ಟರಲ್ಲಿ ಒಂದೆರಡು ದಿನ ಕಳೆದೇ ಹೋಗುತ್ತದೆ. ಊರಿನಲ್ಲೇ ಬೇಗ ತಿಳಿಯಲೆಂದು ವಿಜ್ಞಾನಿಗಳು ನ್ಯಾನೊ ಸೆನ್ಸರ್ ಎಂಬ ಪುಟ್ಟ ಸಾಧನವನ್ನು ರೂಪಿಸುತ್ತಿದ್ದಾರೆ.

ಇದು ಹೇಗೆ ಕೆಲಸ ಮಾಡುತ್ತದೆ?

ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಗ್ಲುಕೋಮೀಟರ್ ನೋಡಿದ್ದೀರಲ್ಲಾ? ಪಟ್ಟಿಗೆ ಒಂದು ಹನಿ ರಕ್ತ ತಾಗಿಸಿದರೆ, ಪಟ್ಟಿಯಲ್ಲಿರುವ ಕಿಣ್ವವು ರಕ್ತದ ಸಕ್ಕರೆಯೊಡನೆ ಸೇರಿ ಅತಿ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಮೀಟರ್ ಅದನ್ನು ಅಳೆದು ಅಂಕಿಯಲ್ಲಿ ತೋರಿಸುತ್ತದೆ. ವೈರಸ್ ಸೆನ್ಸರ್ ಕೂಡ ಹೀಗೆಯೇ. ಇದರ ಪಟ್ಟಿಯ ಮೇಲೆ ಸಾಮಾನ್ಯವಾಗಿ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಬೀಗಕ್ಕೆ ಅದರದೇ ಕೀಲಿ ಇದ್ದ ಹಾಗೆ, ಡೆಂಗ್ಯೂ ವೈರಸ್ಸಿನ ಎನ್‌ಎಸ್-1 ಎಂಬ ಪ್ರೋಟೀನು ರಕ್ತದಲ್ಲಿದ್ದರೆ ಈ ಪ್ರತಿಕಾಯಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಆಗ ವಿದ್ಯುತ್ ಹರಿವು ಬದಲಾಗುತ್ತದೆ, ಮೀಟರಿಗೆ ಗೊತ್ತಾಗುತ್ತದೆ.

ನ್ಯಾನೊ ಏಕೆ ಬೇಕು?

ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೊಮೀಟರ್. ಡೆಂಗ್ಯೂ ವೈರಸ್ಸಿನ ಅಗಲ ಸುಮಾರು 50 ನ್ಯಾನೊಮೀಟರ್ ಅಷ್ಟೇ. ರಕ್ತದಲ್ಲಿ ಅದರ ಗುರುತು ಸಕ್ಕರೆಗಿಂತ ಎಷ್ಟೋ ಪಟ್ಟು ಕಡಿಮೆ. ಅದಕ್ಕೇ ಪಟ್ಟಿಗೆ ಚಿನ್ನದ ಅತಿ ಸೂಕ್ಷ್ಮ ಕಣಗಳನ್ನೋ, ಇಂಗಾಲದ ತೆಳು ಪದರವಾದ ಗ್ರಾಫೀನನ್ನೋ ಲೇಪಿಸುತ್ತಾರೆ. ಬೆಲ್ಲದ ಅಚ್ಚಿಗಿಂತ ಬೆಲ್ಲದ ಪುಡಿ ಬೇಗ ಕರಗುತ್ತದಲ್ಲವೇ? ಪುಡಿಯಾದಾಗ ನೀರಿಗೆ ತಾಗುವ ಜಾಗ ಹೆಚ್ಚು. ಹಾಗೆಯೇ ಸೂಕ್ಷ್ಮ ಕಣಗಳ ಮೇಲೆ ಹೆಚ್ಚು ಪ್ರತಿಕಾಯಗಳು ಕೂರುತ್ತವೆ, ವಿದ್ಯುತ್ತೂ ಸರಾಗವಾಗಿ ಹರಿಯುತ್ತದೆ. ಸಣ್ಣ ಗುರುತೂ ಸಿಕ್ಕಿಬೀಳುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಪಾಥ್‌ಶೋಧ್ ಕಂಪನಿ 2021ರಲ್ಲಿ ಇಂತಹ ವಿದ್ಯುತ್ ವಿಧಾನದ ಕೊರೋನಾ ಪರೀಕ್ಷೆಯನ್ನು ರೂಪಿಸಿತು. ಆದರೆ ಅದು ಅಳೆಯುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ನಮ್ಮ ಶರೀರ ತಯಾರಿಸುವ ಪ್ರತಿಕಾಯಗಳನ್ನು.

ನಾವು ನೆನಪಿಡಬೇಕಾದದ್ದು

1. ಡೆಂಗ್ಯೂ ಪತ್ತೆಯ ನ್ಯಾನೊ ಸೆನ್ಸರುಗಳು ಹೆಚ್ಚಾಗಿ ಇನ್ನೂ ಸಂಶೋಧನೆಯ ಹಂತದಲ್ಲಿವೆ. ಯಾರಾದರೂ ಇಂತಹ ಮೀಟರ್ ಮಾರಲು ಬಂದರೆ, ಸಂಘದ ಉಳಿತಾಯದ ಹಣ ಕೊಡುವ ಮುಂಚೆ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ.

2. ಜ್ವರ ಶುರುವಾದ ದಿನಾಂಕ ಬರೆದಿಡಿ. ಎನ್‌ಎಸ್-1 ಸಾಮಾನ್ಯವಾಗಿ ಮೊದಲ 5 ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ. ಆಮೇಲೆ ಪ್ರತಿಕಾಯ ಪರೀಕ್ಷೆ ಬೇಕಾಗುತ್ತದೆ. ಯಾವ ದಿನ ಯಾವ ಪರೀಕ್ಷೆ ಎಂಬುದು ಈ ದಿನಾಂಕದ ಮೇಲೆ ನಿಂತಿದೆ.

3. ವರದಿ ನೆಗೆಟಿವ್ ಬಂದರೂ ಡೆಂಗ್ಯೂ ಇಲ್ಲವೇ ಇಲ್ಲ ಎನ್ನಲಾಗದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ ಇಳಿಯುವ ಹೊತ್ತಿನಲ್ಲೇ ಅಪಾಯ ಹೆಚ್ಚು.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ, ಅಕ್ಕಪಕ್ಕದವರಿಗೂ ತಿಳಿಸಿ.